ವಂಶವಾಹಿ ಪರೀಕ್ಷೆ: ಬೇಕೇ ಬೇಡವೇ ಎಂದು ಕೇಳುವ ಬಗೆ

ಮಾನ್ಯ ಸಂಪಾದಕರೇ,

ಗಂಡ ಹೆಂಡತಿ ಇಬ್ಬರೂ ಬೀಟಾ ಥಲಸೇಮಿಯಾ ವಾಹಕರು ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು ಎನ್ನಿ. ಅಂದರೆ ರಕ್ತಹೀನತೆ ತರುವ ಈ ಆನುವಂಶಿಕ ಕಾಯಿಲೆಯ ಒಂದೊಂದು ವಂಶವಾಹಿ ಇಬ್ಬರಲ್ಲೂ ಇದೆ, ಆದರೆ ಅವರಿಗೆ ಕಾಯಿಲೆ ಇಲ್ಲ. ಇದನ್ನು ಅವರಿಗೆ ಎರಡು ರೀತಿ ತಿಳಿಸಬಹುದು. ‘ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 4ರಲ್ಲಿ 1’ ಎನ್ನಬಹುದು. ‘ಮಗುವಿಗೆ ಕಾಯಿಲೆ ಇಲ್ಲದಿರುವ ಸಾಧ್ಯತೆ 100ಕ್ಕೆ 75’ ಎಂದೂ ಹೇಳಬಹುದು. ಎರಡೂ ನಿಜ, ಎರಡೂ ಒಂದೇ ಲೆಕ್ಕ. ಆದರೆ ಮೊದಲನೆಯದನ್ನು ಕೇಳಿದವರು ಗಾಬರಿಯಾಗಿ ಮುಂದಿನ ಪರೀಕ್ಷೆ ಎಲ್ಲಿ ಎಂದು ವಿಚಾರಿಸುತ್ತಾರೆ, ಎರಡನೆಯದನ್ನು ಕೇಳಿದವರು ‘ದೇವರಿದ್ದಾನೆ, ನೋಡೋಣ’ ಎಂದು ಊರಿನ ಬಸ್ ಹತ್ತುವ ಸಂಭವ ಹೆಚ್ಚು. ಹೇಳಿದವರು ಸುಳ್ಳೇನೂ ಹೇಳಿಲ್ಲ. ಆದರೂ ತೀರ್ಮಾನದ ಅರ್ಧ ಭಾಗ ಅವರ ಬಾಯಲ್ಲೇ ಆಗಿಹೋಗಿರುತ್ತದೆ.

ನಮ್ಮ ಜಿಲ್ಲೆಯಲ್ಲೂ ಈಗ ತಪಾಸಣಾ ಶಿಬಿರ, ಗರ್ಭಿಣಿಯರ ರಕ್ತ ಪರೀಕ್ಷೆಯ ಪ್ಯಾಕೇಜು, ‘ನಿಮ್ಮ ಜೀನ್ ತಿಳಿಯಿರಿ’ ಎನ್ನುವ ಜಾಹೀರಾತು ಎಲ್ಲ ಬಂದಿವೆ. ಪರೀಕ್ಷೆ ಎಲ್ಲಿ ಸಿಗುತ್ತದೆ, ಎಷ್ಟು ಖರ್ಚು ಎಂಬ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತಿದೆ. ಪರೀಕ್ಷೆ ಬೇಕೇ ಎಂದು ಕೇಳುವ ವಾಕ್ಯ ಹೇಗಿರಬೇಕು ಎಂಬುದರ ಬಗ್ಗೆ ಎಲ್ಲೂ ಮಾತಿಲ್ಲ. ಪ್ರಯೋಗಾಲಯ ಮತ್ತು ಆಪ್ತಸಮಾಲೋಚನೆಯ ಕೆಲಸದಲ್ಲಿರುವ ನಾವು ಆ ಒಂದು ವಿಷಯಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇವೆ.

ಮಾತಿನ ವರಸೆಗೆ ಓದು ಬರದವರು ಮಾತ್ರ ಮರುಳಾಗುತ್ತಾರೆ ಎಂಬ ಭಾವನೆ ಕೆಲವು ವೈದ್ಯರಲ್ಲಿದೆ. ಅದು ತಪ್ಪು ಎಂದು ತೋರಿಸಿ ನಾಲ್ಕು ದಶಕ ದಾಟಿತು. 1982ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಾರ್ಬರಾ ಮೆಕ್‌ನೀಲ್, ಅಮೋಸ್ ಟ್ವರ್ಸ್ಕಿ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ಬಂದರೆ ಆಪರೇಷನ್ ಆರಿಸುತ್ತೀರೋ, ವಿಕಿರಣ ಚಿಕಿತ್ಸೆಯೋ ಎಂಬುದು ಪ್ರಶ್ನೆ. ಒಂದು ಗುಂಪಿಗೆ ಬದುಕುವವರ ಲೆಕ್ಕ ಕೊಟ್ಟರು: ಆಪರೇಷನ್ ಮಾಡಿಸಿಕೊಂಡ 100 ಮಂದಿಯಲ್ಲಿ 90 ಮಂದಿ ಅದನ್ನು ದಾಟಿ ಉಳಿಯುತ್ತಾರೆ, ವರ್ಷದ ಕೊನೆಗೆ 68, ಐದು ವರ್ಷದ ಕೊನೆಗೆ 34 ಮಂದಿ ಇರುತ್ತಾರೆ, ವಿಕಿರಣ ಚಿಕಿತ್ಸೆಯಲ್ಲಿ 100 ಮಂದಿಯೂ ಚಿಕಿತ್ಸೆ ದಾಟುತ್ತಾರೆ, ವರ್ಷಕ್ಕೆ 77, ಐದು ವರ್ಷಕ್ಕೆ 22 ಮಂದಿ ಉಳಿಯುತ್ತಾರೆ. ಇನ್ನೊಂದು ಗುಂಪಿಗೆ ಅದನ್ನೇ ಸಾಯುವವರ ಲೆಕ್ಕದಲ್ಲಿ ಕೊಟ್ಟರು: ಆಪರೇಷನ್‌ನಲ್ಲಿ 10, ವರ್ಷದೊಳಗೆ 32, ಐದು ವರ್ಷದೊಳಗೆ 66, ವಿಕಿರಣದಲ್ಲಿ ಸೊನ್ನೆ, 23, 78. ಮೊದಲ ಗುಂಪಿನಲ್ಲಿ ವಿಕಿರಣ ಆರಿಸಿದವರು ಶೇ 18. ಎರಡನೆಯದರಲ್ಲಿ ಶೇ 44. ಉತ್ತರ ಕೊಟ್ಟವರಲ್ಲಿ ರೋಗಿಗಳೂ ಇದ್ದರು, ವಿದ್ಯಾರ್ಥಿಗಳೂ ಇದ್ದರು, ವೈದ್ಯರೂ ಇದ್ದರು. ವೈದ್ಯರೂ ಉಳಿದವರಂತೆಯೇ ವಾಲಿದರು.

ವಂಶವಾಹಿ ಪರೀಕ್ಷೆಯಲ್ಲಿ ಈ ವಾಲುವಿಕೆಗೆ ಇನ್ನೂ ಹೆಚ್ಚು ಜಾಗವಿದೆ. ಇಲ್ಲಿ ನೋವು, ಜ್ವರ ಏನೂ ಇರುವುದಿಲ್ಲ. ಕೈಯಲ್ಲಿರುವುದು ಸಾಧ್ಯತೆಯ ಅಂಕಿ ಮಾತ್ರ, ಆ ಅಂಕಿಗೆ ತೊಡಿಸಿದ ಮಾತೇ ಎಲ್ಲ.

ನಮ್ಮ ಕಡೆ ಹೆಚ್ಚು ಗೊಂದಲ ಇರುವುದು ಸಂಬಂಧದಲ್ಲಿ ಮದುವೆಯ ವಿಷಯದಲ್ಲಿ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ಮಲೆನಾಡಿನ ಹಲವು ಸಮುದಾಯಗಳಲ್ಲಿ ಈಗಲೂ ಇದೆ. ‘ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುವ ಮಕ್ಕಳಿಗೆ ತೊಂದರೆಯ ಅಪಾಯ ದುಪ್ಪಟ್ಟು’ ಎಂಬ ಗೋಡೆಬರಹ ಸುಳ್ಳಲ್ಲ. ಆದರೆ ಯಾವುದರ ದುಪ್ಪಟ್ಟು ಎಂಬುದು ಅಲ್ಲಿರುವುದಿಲ್ಲ. ಸಂಬಂಧವಿಲ್ಲದ ದಂಪತಿಗಳ 100 ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಹುಟ್ಟಿನಿಂದ ಗಂಭೀರ ದೋಷ ಇರುತ್ತದೆ. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಅದಕ್ಕೆ ಇನ್ನು ಎರಡೋ ಮೂರೋ ಸೇರಿ 5ರಿಂದ 6 ಆಗುತ್ತದೆ. ಅಂದರೆ 94, 95 ಮಕ್ಕಳಿಗೆ ಅಂಥ ದೋಷ ಇರುವುದಿಲ್ಲ. ಸೋದರಮಾವನ ಜತೆಗಿನ ಮದುವೆಯಲ್ಲಿ ಇಬ್ಬರಿಗೂ ಸಮಾನವಾದ ವಂಶವಾಹಿಗಳ ಪಾಲು ಹೆಚ್ಚು, ಹಾಗಾಗಿ ಅಪಾಯವೂ ಇನ್ನಷ್ಟು ಹೆಚ್ಚು. ‘ದುಪ್ಪಟ್ಟು’ ಎಂದಾಗ ಹೆದರಿದವರು, ತಮ್ಮ ಕೇರಿಯಲ್ಲಿ ಸಂಬಂಧದಲ್ಲೇ ಮದುವೆಯಾಗಿ ಗಟ್ಟಿಮುಟ್ಟಾದ ಮಕ್ಕಳನ್ನು ಪಡೆದ ಹತ್ತು ಮನೆ ಕಣ್ಣಿಗೆ ಬಿದ್ದ ಕೂಡಲೇ ‘ಇವರು ಹೇಳುವುದೆಲ್ಲ ಸುಳ್ಳು’ ಎನ್ನುತ್ತಾರೆ. ಆಮೇಲೆ ನಿಜವಾಗಿ ಅಪಾಯ ಇರುವ ಮನೆಯವರೂ ನಮ್ಮ ಮಾತು ಕೇಳುವುದಿಲ್ಲ. ಹೆದರಿಸುವ ಬರಹದಿಂದ ಆಗುವ ದೊಡ್ಡ ನಷ್ಟ ಇದು.

ನಿಜವಾಗಿ ಅಪಾಯ ಇರುವುದು ಮನೆಯಲ್ಲಿ ಈಗಾಗಲೇ ಕಾಯಿಲೆ ಕಾಣಿಸಿದ್ದಾಗ. ಒಂದು ಲೆಕ್ಕ ನೋಡಿ. ಒಬ್ಬ ಹುಡುಗಿಯ ತಮ್ಮನಿಗೆ ಥಲಸೇಮಿಯಾ ಮೇಜರ್, ಅಂದರೆ ಆ ಕಾಯಿಲೆಯ ತೀವ್ರ ರೂಪ ಇದೆ, ಹುಡುಗಿ ಆರೋಗ್ಯವಾಗಿದ್ದಾಳೆ. ಅವಳನ್ನು ತಾಯಿಯ ತಮ್ಮನಿಗೇ ಕೊಡುವ ಮಾತಾಗಿದೆ. ಹುಡುಗಿ ವಾಹಕಿಯಾಗಿರುವ ಸಾಧ್ಯತೆ 3ರಲ್ಲಿ 2. ಅರ್ಧ ಎಂದು ಅನೇಕರು ತಿಳಿದಿದ್ದಾರೆ, ಆದರೆ ಕಾಯಿಲೆ ಇಲ್ಲ ಎಂದು ಖಚಿತವಾದ ಮೇಲೆ ಉಳಿದ ಮೂರು ಸಾಧ್ಯತೆಗಳಲ್ಲಿ ಎರಡು ವಾಹಕಿಯದ್ದೇ. ತಾಯಿಯಂತೂ ವಾಹಕಿ, ಅದು ಅವಳ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದಿದ್ದರೆ ಅವಳ ತಮ್ಮ ವಾಹಕನಾಗಿರುವ ಸಾಧ್ಯತೆ 2ರಲ್ಲಿ 1. ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವುದು 4ರಲ್ಲಿ 1. ಮೂರನ್ನೂ ಗುಣಿಸಿದರೆ 12ರಲ್ಲಿ 1, ಅಂದರೆ 100ಕ್ಕೆ ಸುಮಾರು 8. ಇಲ್ಲಿ ‘ಮದುವೆ ಬೇಡ’ ಎಂದರೆ ಮನೆಯಲ್ಲಿ ಜಗಳ, ‘ಪರವಾಗಿಲ್ಲ’ ಎಂದರೆ ಬೇಜವಾಬ್ದಾರಿ. ಮೂರನೆಯ ಮಾತೊಂದಿದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ: ಇಬ್ಬರ ರಕ್ತವನ್ನೂ ಪರೀಕ್ಷಿಸಿದರೆ ಈ 12ರಲ್ಲಿ 1 ಎಂಬ ಅಂದಾಜು ಉಳಿಯುವುದೇ ಇಲ್ಲ. ಒಬ್ಬರಲ್ಲಿ ಇಲ್ಲ ಎಂದಾದರೆ ಥಲಸೇಮಿಯಾ ಮೇಜರ್‌ನ ಭಯ ಬಹುಮಟ್ಟಿಗೆ ಮುಗಿಯಿತು. ಇಬ್ಬರಲ್ಲೂ ಇದೆ ಎಂದಾದರೆ 4ರಲ್ಲಿ 1. ಮಾತುಕತೆ ಅಲ್ಲಿಂದ ಶುರುವಾಗಲಿ.

ಆ ಪರೀಕ್ಷೆಯಾದರೂ ಹೇಗೆ? ಮೊದಲು ಸಾದಾ ರಕ್ತಕಣ ಎಣಿಕೆ. ಅದರಲ್ಲಿ ಎಂಸಿವಿ (ಕೆಂಪು ರಕ್ತಕಣದ ಗಾತ್ರ) 80ಕ್ಕಿಂತ, ಎಂಸಿಎಚ್ (ಒಂದು ಕಣದಲ್ಲಿರುವ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆ ಇದ್ದರೆ ಅನುಮಾನ. ಆಮೇಲೆ ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ ಎ2 ಎಂಬ ಬಗೆಯ ಪ್ರಮಾಣ. ಅದು ಸಾಮಾನ್ಯವಾಗಿ ಶೇ 3.5ಕ್ಕಿಂತ ಹೆಚ್ಚಿದ್ದರೆ ವಾಹಕ ಎನ್ನುತ್ತೇವೆ. ಎಡವಟ್ಟಾಗುವ ಕಡೆ ಎರಡು. ಕಬ್ಬಿಣಾಂಶ ತೀರಾ ಕಡಿಮೆ ಇರುವ ಬಸುರಿಯಲ್ಲಿ ಎ2 ಇಳಿದಿರುತ್ತದೆ, ಶೇ 3.3ರಿಂದ 3.8ರ ನಡುವಿನ ಅಂಕಿ ಬಂದರೆ ‘ನಾರ್ಮಲ್’ ಎಂದು ಬರೆದು ಕಳಿಸುವಂತಿಲ್ಲ, ಗಂಡನ ರಕ್ತವನ್ನಂತೂ ನೋಡಲೇಬೇಕು, ಬೇಕಾದರೆ ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು. ಎರಡನೆಯದು, ಇತ್ತೀಚೆಗೆ ಬೇರೆಯವರ ರಕ್ತ ಏರಿಸಿದ್ದರೆ ಯಂತ್ರ ಓದುವುದು ದಾನಿಯ ರಕ್ತವನ್ನೂ ಸೇರಿಸಿ. ಮೂರು ತಿಂಗಳು ಕಾಯಬೇಕು. ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ ಇನ್ನೊಂದು ಆನುವಂಶಿಕ ಕಾಯಿಲೆಯಾದ ಕುಡಗೋಲು ಕಣ ಕಾಯಿಲೆಯ (ಸಿಕಲ್ ಸೆಲ್) ಸಾಲ್ಯುಬಿಲಿಟಿ ಪರೀಕ್ಷೆಯದ್ದು ಬೇರೆಯೇ ಕತೆ: ವಾಹಕರಲ್ಲೂ ರೋಗಿಗಳಲ್ಲೂ ಅದು ‘ಪಾಸಿಟಿವ್’ ಎಂದೇ ತೋರಿಸುತ್ತದೆ. ಎಚ್‌ಪಿಎಲ್‌ಸಿ ಆಗದೆ ಆ ಚೀಟಿಯನ್ನು ಶಿಬಿರದಲ್ಲೇ ಕೈಗೆ ಕೊಡುವುದು, ಏನೂ ಕಾಯಿಲೆ ಇಲ್ಲದ ಹುಡುಗಿಗೆ ರೋಗಿ ಎಂಬ ಹಣೆಪಟ್ಟಿ ಅಂಟಿಸಿದಂತೆ. ಕಾಯಿಲೆ ಇರುವ ಮಗುವಿಗೆ ಬರೀ ವಾಹಕ ಎಂದು ತಿಳಿದು ಚಿಕಿತ್ಸೆ ತಪ್ಪುವುದೂ ಇದರಿಂದಲೇ.

ಈ ಮಾತಿಗೆ ಸೇರಿಸಿ ಹೇಳಬೇಕಾದ್ದು, ಹೆಂಡತಿಯ ರಕ್ತವನ್ನು ಮೊದಲು ನೋಡಿ, ಅದರಲ್ಲಿ ಬಂದರೆ ಮಾತ್ರ ಗಂಡನನ್ನು ಕರೆಸುವ ಪದ್ಧತಿಯ ಬಗ್ಗೆ. ಲ್ಯಾಬಿನ ಖರ್ಚಿನ ದೃಷ್ಟಿಯಿಂದ ಅದು ಸರಿ ಕಾಣುತ್ತದೆ. ಆದರೆ ಮನೆಯಲ್ಲಿ ಅದರ ಅರ್ಥ ‘ಸೊಸೆಯ ಕಡೆಯಿಂದ ಬಂತು’ ಎಂದಾಗುತ್ತದೆ. ಗಂಡನಿಗೆ ಆಮೇಲೆ ಬರಲು ಮನಸ್ಸಿರುವುದಿಲ್ಲ, ಹೊಸನಗರದ ಒಳಗಿನ ಹಳ್ಳಿಯಿಂದ ಮತ್ತೊಂದು ದಿನ ಕೂಲಿ ಬಿಟ್ಟು ಬರಬೇಕು. ಎರಡು ವಾರ, ಮೂರು ವಾರ ಹೀಗೇ ಹೋಗುತ್ತದೆ. ಇಬ್ಬರ ರಕ್ತವನ್ನೂ ಒಂದೇ ದಿನ ತೆಗೆದುಕೊಂಡು, ಹೆಂಡತಿಯದು ನಾರ್ಮಲ್ ಬಂದರೆ ಗಂಡನ ಮಾದರಿಯನ್ನು ಪರೀಕ್ಷಿಸದೆ ಬಿಟ್ಟರೂ ಸರಿ. ಖರ್ಚು ಹೆಚ್ಚಾಗುವುದು ಒಂದು ಸಿರಿಂಜ್, ಒಂದು ಟ್ಯೂಬಿನಷ್ಟು.

ವಾರಗಳ ಲೆಕ್ಕ ಇಲ್ಲಿ ಬಹಳ ಮುಖ್ಯ. ಗರ್ಭದಲ್ಲಿರುವ ಮಗುವಿಗೆ ಥಲಸೇಮಿಯಾ ಇದೆಯೇ ಎಂದು ನೋಡಲು 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆಯುವ ಸಿವಿಎಸ್, ಇಲ್ಲವೇ 15ನೇ ವಾರದ ನಂತರ ಗರ್ಭದ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್ ಆಗಬೇಕು. ಅದಕ್ಕೂ ಮೊದಲು ಅಪ್ಪ ಅಮ್ಮ ಇಬ್ಬರಲ್ಲೂ ಯಾವ ಮ್ಯುಟೇಶನ್ (ವಂಶವಾಹಿಯಲ್ಲಿನ ದೋಷ) ಇದೆ ಎಂದು ಡಿಎನ್‌ಎ ಪರೀಕ್ಷೆಯಲ್ಲಿ ಗುರುತಿಸಿಟ್ಟಿರಬೇಕು, ಇಲ್ಲದಿದ್ದರೆ ಮಗುವಿನ ಮಾದರಿಯಲ್ಲಿ ಏನನ್ನು ಹುಡುಕಬೇಕೆಂದೇ ಗೊತ್ತಾಗುವುದಿಲ್ಲ. ಇದೆಲ್ಲ ಆಗುವುದು ಮಣಿಪಾಲದಲ್ಲೋ ಬೆಂಗಳೂರಿನಲ್ಲೋ. ಆಷಾಢದ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವ ಬಸ್ಸು ಯಾವತ್ತು ನಿಲ್ಲುತ್ತದೋ ಹೇಳಲಾಗದು. ಹಾಗಾಗಿ ಐದನೇ ತಿಂಗಳಲ್ಲಿ ತಾಯಿ ಕಾರ್ಡ್ ಹಿಡಿದು ಬಂದವಳಿಗೆ ‘ಮುಂದಿನ ಪರೀಕ್ಷೆ ಮಾಡಿಸ್ತೀರಾ?’ ಎಂದು ಕೇಳುವಾಗ ನಾವು ಅವಳ ಮುಂದೆ ಇಡುತ್ತಿರುವ ಆಯ್ಕೆ, ಎಂಟನೇ ವಾರದಲ್ಲಿ ಬಂದವಳ ಮುಂದಿಟ್ಟ ಆಯ್ಕೆಯಂಥದ್ದಲ್ಲ. ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ, 20ರಿಂದ 24 ವಾರದವರೆಗೆ ನಿಗದಿತ ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಬೇಕು; 24 ದಾಟಿದರೆ, ಗಂಭೀರ ದೋಷ ಇದ್ದಾಗ ಮಾತ್ರ, ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಈ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಬರೆದು ತೋರಿಸದೆ ‘ಯೋಚನೆ ಮಾಡಿ ಬನ್ನಿ’ ಎಂದು ಕಳಿಸುವುದೂ ಒಂದು ಬಗೆಯಲ್ಲಿ ತೀರ್ಮಾನವನ್ನು ನಾವೇ ಮಾಡಿದಂತೆ.

ಇನ್ನು ಗರ್ಭಿಣಿಯ ರಕ್ತದಿಂದಲೇ ಮಗುವಿನ ಡೌನ್ ಸಿಂಡ್ರೋಮ್ (ಒಂದು ವರ್ಣತಂತು ಹೆಚ್ಚಿದ್ದು ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಸ್ಥಿತಿ) ಹುಡುಕುವ ಎನ್‌ಐಪಿಟಿ. ಕರಪತ್ರಗಳಲ್ಲಿ ‘ಶೇ 99 ನಿಖರ’ ಎಂದಿರುತ್ತದೆ. ಓದಿದವರು, ಪಾಸಿಟಿವ್ ಬಂದರೆ ಶೇ 99 ಖಚಿತ ಎಂದೇ ತಿಳಿಯುತ್ತಾರೆ. ಲೆಕ್ಕ ಮಾಡಿ ನೋಡಿ. ಇದ್ದವರಲ್ಲಿ ಶೇ 99ರಷ್ಟನ್ನು ಪರೀಕ್ಷೆ ಹಿಡಿಯುತ್ತದೆ, ಇಲ್ಲದ 1,000 ಜನರಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ‘ಇದೆ’ ಎನ್ನುತ್ತದೆ ಎಂದಿಟ್ಟುಕೊಳ್ಳೋಣ. ಇಪ್ಪತ್ತರ ಹರೆಯದ ತಾಯಂದಿರಲ್ಲಿ ಡೌನ್ ಸಿಂಡ್ರೋಮ್ ಸುಮಾರು 1,000ಕ್ಕೆ 1 ಎಂದು ಹಿಡಿದರೆ, ಅಂಥ ಒಂದು ಲಕ್ಷ ಬಸುರಿಯರಲ್ಲಿ 100 ಮಂದಿಗೆ ನಿಜವಾಗಿ ಇರುತ್ತದೆ, 99 ಸಿಕ್ಕಿಬೀಳುತ್ತವೆ. ಇಲ್ಲದ 99,900 ಮಂದಿಯಲ್ಲಿ ಸುಮಾರು 100 ಮಂದಿಗೂ ‘ಇದೆ’ ಎಂದು ಬರುತ್ತದೆ. ಒಟ್ಟು 199 ಪಾಸಿಟಿವ್, ನಿಜವಾದವು ಅದರಲ್ಲಿ ಅರ್ಧ. ನಲವತ್ತರ ತಾಯಂದಿರಲ್ಲಿ ಅದು ಸುಮಾರು 100ಕ್ಕೆ 1 ಇರುವುದರಿಂದ, ಅದೇ ಪರೀಕ್ಷೆಯ 10 ಪಾಸಿಟಿವ್‌ಗಳಲ್ಲಿ 9 ನಿಜ. ಪರೀಕ್ಷೆ ಅದೇ, ಯಂತ್ರ ಅದೇ, ಚೀಟಿಯ ಮೇಲಿನ ಅಕ್ಷರವೂ ಅದೇ; ಅರ್ಥ ಮಾತ್ರ ಬೇರೆ. ಆದ್ದರಿಂದಲೇ ಎನ್‌ಐಪಿಟಿ ನೋಡಿ ಯಾವ ನಿರ್ಧಾರಕ್ಕೂ ಬರಬಾರದು, ಆಮ್ನಿಯೋದಲ್ಲಿ ಖಚಿತಪಡಿಸಿಕೊಳ್ಳಬೇಕು ಎಂಬ ನಿಯಮ. ಅದನ್ನು ಕರಪತ್ರದ ಕೊನೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ.

ಆಮ್ನಿಯೋದ ಬಗ್ಗೆ ಹೇಳುವಾಗಲೂ ಇದೇ ಕಣ್ಕಟ್ಟು. ಡೌನ್ ಸಿಂಡ್ರೋಮ್ ಸಾಧ್ಯತೆಯನ್ನು ‘250ರಲ್ಲಿ 1’ ಎಂದು, ಸೂಜಿ ಹಾಕಿದ್ದರಿಂದ ಗರ್ಭ ಹೋಗುವ ಅಪಾಯವನ್ನು ‘ಶೇ 0.5ಕ್ಕಿಂತ ಕಡಿಮೆ’ ಎಂದು ಹೇಳಿದರೆ ಮೊದಲನೆಯದು ದೊಡ್ಡದಾಗಿ, ಎರಡನೆಯದು ಏನೂ ಇಲ್ಲದಂತೆ ಕೇಳಿಸುತ್ತದೆ. ಎರಡನ್ನೂ 1,000ಕ್ಕೆ ಇಳಿಸಿದರೆ ಒಂದು ಕಡೆ 4, ಇನ್ನೊಂದು ಕಡೆ 5ರ ಒಳಗೆ. ಅಡಿಕೆ ಮಂಡಿಯಲ್ಲಿ ಒಬ್ಬ ಕಿಲೋ ರೇಟು, ಇನ್ನೊಬ್ಬ ಕ್ವಿಂಟಲ್ ರೇಟು ಹೇಳಿದರೆ ತೀರ್ಥಹಳ್ಳಿಯ ಯಾವ ಬೆಳೆಗಾರನೂ ಹೋಲಿಸಲು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ನಾವೆಲ್ಲ ಒಪ್ಪಿಬಿಡುತ್ತೇವೆ.

‘ಎಲ್ಲರೂ ಮಾಡಿಸ್ತಾರೆ’ ಎಂಬ ಮಾತಿನ ಬಲ ಇವೆಲ್ಲಕ್ಕಿಂತ ಹೆಚ್ಚು. ಗರ್ಭಿಣಿಯ ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಜತೆ ವಂಶವಾಹಿ ಪರೀಕ್ಷೆಗೂ ಮೊದಲೇ ಟಿಕ್ ಹಾಕಿಟ್ಟರೆ, ಬೇಡ ಎನ್ನಲು ಅವಳು ಬಾಯಿಬಿಟ್ಟು ಹೇಳಬೇಕು, ಅದೂ ಅತ್ತೆಯ ಎದುರು, ನರ್ಸಮ್ಮನ ಎದುರು. ಖಾಲಿ ಬಿಟ್ಟಿದ್ದರೆ ಬೇಕು ಎನ್ನಲು ಬಾಯಿಬಿಡಬೇಕು. ಯಾವುದಕ್ಕೆ ಬಾಯಿಬಿಡಬೇಕೋ ಅದು ಕಡಿಮೆಯಾಗುತ್ತದೆ. ಎಲ್ಲ ಕಡೆಯೂ ಟಿಕ್ ತೆಗೆದುಹಾಕಿ ಎಂದು ನಮ್ಮ ವಾದವಲ್ಲ. ಥಲಸೇಮಿಯಾ ವಾಹಕ ಪರೀಕ್ಷೆ ಅಗ್ಗ, ಅಪಾಯವಿಲ್ಲ, ಗೊತ್ತಾದರೆ ಮಾಡಬಹುದಾದ ಕೆಲಸ ಇದೆ. ಅದು ‘ಬೇಡ ಎನ್ನದಿದ್ದರೆ ಮಾಡುತ್ತೇವೆ’ ಎಂಬ ಪಟ್ಟಿಯಲ್ಲಿರಲಿ, ಆದರೆ ಬೇಡ ಎನ್ನುವ ಚೌಕವೂ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿರಲಿ. ಎನ್‌ಐಪಿಟಿ ಆ ಪಟ್ಟಿಗೆ ಸೇರಬಾರದು. ದೊಡ್ಡವರಾದ ಮೇಲೆ ಬರುವ, ಚಿಕಿತ್ಸೆ ಇಲ್ಲದ ಕಾಯಿಲೆಯ ಪರೀಕ್ಷೆಯಂತೂ ಕೇಳಿ ಬಂದವರಿಗೆ ಮಾತ್ರ, ಆಪ್ತಸಮಾಲೋಚನೆ ಮುಗಿದ ಮೇಲೆ ಮಾತ್ರ.

ಇದಕ್ಕೊಂದು ಹಳೆಯ ಉದಾಹರಣೆ ಇದೆ. ಹಂಟಿಂಗ್ಟನ್ ಎಂಬ ಮಿದುಳಿನ ಕಾಯಿಲೆ ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 2ರಲ್ಲಿ 1. ಪರೀಕ್ಷೆ ಇನ್ನೂ ಬಂದಿರದ ಕಾಲದಲ್ಲಿ ಪಶ್ಚಿಮದ ದೇಶಗಳಲ್ಲಿ ‘ಪರೀಕ್ಷೆ ಬಂದರೆ ಮಾಡಿಸ್ತೀರಾ?’ ಎಂದು ಆ ಕುಟುಂಬಗಳನ್ನು ಕೇಳಿದಾಗ ಹೆಚ್ಚಿನವರು ಹೌದು ಎಂದಿದ್ದರು. ನಿಜವಾಗಿ ಪರೀಕ್ಷೆ ಬಂದ ಮೇಲೆ ಮಾಡಿಸಿಕೊಂಡವರು ಹೆಚ್ಚಿನ ಕಡೆ ಐದರಲ್ಲಿ ಒಬ್ಬರಿಗಿಂತಲೂ ಕಡಿಮೆ. ತಡೆಯುವ ಮದ್ದಿಲ್ಲದ ಕಾಯಿಲೆಯ ಸುದ್ದಿಯನ್ನು ಮೊದಲೇ ಹೊತ್ತು ತಿರುಗುವುದು ಬೇಡ ಎಂದು ಅವರಿಗೆ ಅನ್ನಿಸಿತು. ಅದು ಅಜ್ಞಾನವಲ್ಲ, ಒಂದು ಆಯ್ಕೆ.

ಸಾಗರ ತಾಲ್ಲೂಕಿನವರಿಗೆ ಈ ಮಾತು ಬೇಗ ಅರ್ಥವಾದೀತು. ಹಂದಿಗೋಡು ಕಾಯಿಲೆ ಎಂದು ಊರಿನ ಹೆಸರಿನಲ್ಲೇ ಗುರುತಿಸಿಕೊಂಡ ಮೂಳೆ ಕೀಲುಗಳ ಕಾಯಿಲೆ ಬೆಳಕಿಗೆ ಬಂದದ್ದು 1970ರ ದಶಕದ ನಡುವಿನಲ್ಲಿ. ಸೊಂಟ, ಮಂಡಿ ಹಿಡಿದು ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಳ್ಳು ಬೆಳವಣಿಗೆ. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಎಂದು ಮೊದಲು ಅನುಮಾನಿಸಲಾಗಿತ್ತು. ಆಮೇಲೆ ಅದು ವಂಶಪಾರಂಪರ್ಯವಾಗಿ, ಒಬ್ಬ ಪೋಷಕರಿಂದಲೇ ಬರಬಲ್ಲ ಬಗೆಯದು ಎಂಬ ತಿಳಿವಳಿಕೆ ಬಂತು. ವಿಷ ಕಾರಣ ಎಂದಾಗ ಕುಟುಂಬ ಸರ್ಕಾರವನ್ನು ಕೇಳಬಹುದಿತ್ತು. ವಂಶ ಕಾರಣ ಎಂದಾಗ ಊರವರು ಕುಟುಂಬವನ್ನು ಕೇಳತೊಡಗುತ್ತಾರೆ, ಹೆಣ್ಣು ಕೊಡಲು ತರಲು ಹಿಂದೆಮುಂದೆ ನೋಡುತ್ತಾರೆ. ಇಂಥ ಮನೆಗೆ ರಕ್ತದ ಮಾದರಿ ಕೇಳಲು ಹೋದವರು ಸ್ಪಷ್ಟವಾಗಿ ಹೇಳಲೇಬೇಕಾದ ಸಂಗತಿ ಒಂದಿದೆ: ಇದು ಸಂಶೋಧನೆಗೋ, ನಿಮ್ಮ ಚಿಕಿತ್ಸೆಗೋ? ಸಂಶೋಧನೆಗೆ ಕೊಟ್ಟ ರಕ್ತದಿಂದ ಆ ಮನೆಯ ಮುದುಕನ ಮಂಡಿ ನೋವು ಇಳಿಯುವುದಿಲ್ಲ. ಇಳಿಯುತ್ತದೆ ಎಂಬ ಆಸೆ ಹುಟ್ಟಿಸಿ ತೆಗೆದುಕೊಂಡ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಎರಡಕ್ಕೂ ಬೇರೆ ಬೇರೆ ಹಾಳೆ, ಬೇರೆ ಬೇರೆ ಸಹಿ ಇರಬೇಕು. ಇಂಥ ಕಾಯಿಲೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ‘ಅರ್ಧಕ್ಕರ್ಧ’ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ಎರಡು ಮಕ್ಕಳಲ್ಲಿ ಒಂದಕ್ಕೆ ಬಂದಾಯಿತು, ಇನ್ನೊಂದು ಪಾರಾಯಿತು ಎಂದು ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಹಾಗಲ್ಲ, ಎರಡಕ್ಕೂ ಬರಬಹುದು, ಎರಡಕ್ಕೂ ಬಾರದಿರಬಹುದು.

ಕುಡಗೋಲು ಕಣ ರಕ್ತಹೀನತೆ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಮಂದಿಯ ತಪಾಸಣೆ, 2047ರೊಳಗೆ ನಿರ್ಮೂಲನೆ ಎಂಬುದು ಗುರಿ. ತಪಾಸಣೆ ಆಗಲೇಬೇಕಾದ್ದೇ. ಆದರೆ ಗುರಿಯ ಅಂಕಿ ಕೈಯಲ್ಲಿ ಹಿಡಿದು ಹೊರಟ ಆಶಾ ಕಾರ್ಯಕರ್ತೆಯ ಬಾಯಲ್ಲಿ ‘ಮಾಡಿಸ್ಕೋಬೇಕು ಕಣಮ್ಮ, ಮೇಲಿಂದ ಆರ್ಡರ್ ಇದೆ’ ಎಂಬುದೇ ಬರುತ್ತದೆ. ಅವರ ತಪ್ಪಿಲ್ಲ, ಅವರಿಗೆ ಬೇರೆ ವಾಕ್ಯವನ್ನು ಯಾರೂ ಬರೆದುಕೊಟ್ಟಿಲ್ಲ. ನಿರ್ಮೂಲನೆ ಸರ್ಕಾರದ ಗುರಿಯಾಗಿರಬಹುದು. ಯಾರನ್ನು ಮದುವೆಯಾಗಬೇಕು, ಬಸಿರು ಉಳಿಸಿಕೊಳ್ಳಬೇಕೇ ಎಂಬುದು ಮನೆಯವರ ವಿಷಯ. ಕಾಯಿಲೆಯನ್ನು ವಿವರಿಸುವಾಗಲೂ ಇದು ನೆನಪಿರಬೇಕು. ಥಲಸೇಮಿಯಾ ಮೇಜರ್ ಎಂದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ದಿನವೂ ಮಾತ್ರೆ ಬೇಕು. ಅದನ್ನು ಮುಚ್ಚಿಡಬಾರದು. ಹಾಗೆಯೇ, ಚಿಕಿತ್ಸೆ ಸರಿಯಾಗಿ ಸಿಕ್ಕವರು ಓದಿ, ಕೆಲಸಕ್ಕೆ ಸೇರಿ, ಸಂಸಾರ ಮಾಡಿಕೊಂಡಿದ್ದಾರೆ ಎಂಬುದನ್ನೂ ಮುಚ್ಚಿಡಬಾರದು.

ಆರೋಗ್ಯವಂತರಿಗೆ ಮಾರುವ ಜೀನ್ ಪ್ಯಾಕೇಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ನಿಮಗೆ ಸಕ್ಕರೆ ಕಾಯಿಲೆಯ ಅಪಾಯ ಒಂದೂವರೆ ಪಟ್ಟು’ ಎಂಬ ವರದಿ ಬಂದರೆ, ಯಾವುದರ ಒಂದೂವರೆ ಪಟ್ಟು ಎಂದು ಕೇಳಿ. ಮನೆಯಲ್ಲಿ ಯಾರಿಗಿದೆ, ಸೊಂಟದ ಸುತ್ತಳತೆ ಎಷ್ಟು ಎಂಬ ಎರಡು ಪ್ರಶ್ನೆ ಕಾಸಿಲ್ಲದೆ ಕೆಲಸಕ್ಕೆ ಬರುತ್ತವೆ.

ಕಾನೂನು ಈ ವಿಷಯದಲ್ಲಿ ಪೂರ್ತಿ ಸುಮ್ಮನಿಲ್ಲ. 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆಯ ಪ್ರಕಾರ ಸಿವಿಎಸ್, ಆಮ್ನಿಯೋದಂಥ ಪರೀಕ್ಷೆಗೆ ಮುನ್ನ ಅದರ ಅಡ್ಡಪರಿಣಾಮಗಳನ್ನೆಲ್ಲ ವಿವರಿಸಿ, ಬಸುರಿಗೆ ತಿಳಿಯುವ ಭಾಷೆಯಲ್ಲಿ ಬರಹದ ಒಪ್ಪಿಗೆ ಪಡೆದು, ಪ್ರತಿಯನ್ನು ಅವಳ ಕೈಗೆ ಕೊಡಬೇಕು. ಹೆಣ್ಣೋ ಗಂಡೋ ಎಂದು ಹೇಳುವುದಂತೂ ಅಪರಾಧ. ಆದರೆ ಆ ಬರಹದಲ್ಲಿ ವಾಕ್ಯ ಹೇಗಿರಬೇಕು, ಅಂಕಿಯನ್ನು ಹೇಗೆ ಬರೆಯಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಜಿಲ್ಲಾ ಆರೋಗ್ಯ ಇಲಾಖೆಗೆ ನಮ್ಮ ಮನವಿ ಅಲ್ಲಿಯದ್ದೇ. ಇಬ್ಬರೂ ವಾಹಕರಾದ ದಂಪತಿಗೆ ಕೊಡುವ ಹಾಳೆ ಹೀಗಿರಬಹುದು:

‘ನಿಮ್ಮಿಬ್ಬರಲ್ಲೂ ಥಲಸೇಮಿಯಾದ ಒಂದೊಂದು ವಂಶವಾಹಿ ಇದೆ. ಇದರಿಂದ ನಿಮಗೆ ಆ ಕಾಯಿಲೆ ಬರುವುದಿಲ್ಲ. ಇದು ಒಬ್ಬರ ಕಡೆಯಿಂದ ಮಾತ್ರ ಬರುವ ಕಾಯಿಲೆ ಅಲ್ಲ. ನಿಮ್ಮಂಥ 100 ದಂಪತಿಗಳಿಗೆ ಒಂದೊಂದು ಮಗು ಹುಟ್ಟಿದರೆ ಸುಮಾರು 25 ಮಕ್ಕಳಿಗೆ ಕಾಯಿಲೆ ಇರುತ್ತದೆ, 75 ಮಕ್ಕಳಿಗೆ ಇರುವುದಿಲ್ಲ. ಆ 75ರಲ್ಲಿ 50 ಮಕ್ಕಳು ನಿಮ್ಮಂತೆ ವಾಹಕರು. ಮೊದಲ ಮಗು ಹೇಗೇ ಇರಲಿ, ಮುಂದಿನ ಬಸಿರಿಗೂ ಇದೇ ಲೆಕ್ಕ. ಮಗು ಗರ್ಭದಲ್ಲಿರುವಾಗಲೇ ನೀವು ಪರೀಕ್ಷೆ ಮಾಡಿಸಬಹುದು. ಅಥವಾ ಹೆರಿಗೆಯಾದ ಮೇಲೆ ಮಗುವಿನ ಪರೀಕ್ಷೆ ಮಾಡಿಸಬಹುದು. ಅಥವಾ ಈ ಕೆಳಗೆ ಬರೆದ ದಿನಾಂಕದವರೆಗೆ ಯೋಚಿಸಬಹುದು. ಯಾವುದನ್ನು ಆರಿಸಿದರೂ ನಿಮ್ಮ ಉಳಿದ ತಪಾಸಣೆ, ಹೆರಿಗೆ ಸೌಲಭ್ಯದಲ್ಲಿ ವ್ಯತ್ಯಾಸ ಆಗುವುದಿಲ್ಲ.’

ಕೆಳಗೆ ಮೂರು ಚೌಕ, ಮೂರೂ ಒಂದೇ ಅಳತೆಯವು. ‘ಪರೀಕ್ಷೆ ನಿರಾಕರಿಸುತ್ತೇನೆ’ ಎಂಬ ಬರಹ ಬೇಡ. ನಿರಾಕರಿಸಿದವರು ಏನೋ ತಪ್ಪು ಮಾಡಿದಂತೆ ಅದು ಕೇಳಿಸುತ್ತದೆ. ‘ಹೆರಿಗೆಯ ನಂತರ ನೋಡುತ್ತೇವೆ’ ಎಂದಿರಲಿ. ಶೇಕಡಾ, ಪಟ್ಟು, ದಶಾಂಶ ಎಲ್ಲ ಬಿಟ್ಟು 100 ಅಥವಾ 1,000 ಮಂದಿಯ ಲೆಕ್ಕ ಒಂದನ್ನೇ ಬಳಸಲಿ, ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸದಿರಲಿ. ಅಂಕಿ ಓದಲಾಗದವರಿಗೆ 100 ಚುಕ್ಕೆಗಳ ಚಿತ್ರದಲ್ಲಿ 25ಕ್ಕೆ ಬಣ್ಣ ತುಂಬಿ ತೋರಿಸಬಹುದು. ಬಣ್ಣ ಕೆಂಪು ಬೇಡ. ರಕ್ತ ತೆಗೆಯುವ ಮೊದಲೇ ‘ಇದೆ ಎಂದು ಬಂದರೆ ಏನು ಮಾಡ್ತೀರಿ, ಇಲ್ಲ ಎಂದು ಬಂದರೆ ಏನು ಮಾಡ್ತೀರಿ?’ ಎಂದು ಕೇಳಲಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ಅವರಿಗೆ ಈಗ ಬೇಕಿಲ್ಲದಿರಬಹುದು. ಆ ಮಾತನ್ನು ಹೆಂಡತಿಯ ಜತೆ ಒಮ್ಮೆಯಾದರೂ ಬೇರೆಯಾಗಿ, ಮನೆಯವರು ಹೊರಗಿರುವಾಗ ಆಡಲಿ.

ಹಾಳೆ ಅಚ್ಚಾಗುವ ಮೊದಲು ಸೊರಬ, ಶಿಕಾರಿಪುರ, ಹೊಸನಗರದ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹತ್ತು ಹತ್ತು ಮಂದಿಗೆ ಓದಿ ಹೇಳಿ, ‘ನಾವು ಏನು ಹೇಳಿದೆವು, ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಬೇಕು. ‘ನಾಲ್ಕನೇ ಮಗುವಿಗೆ ಬರುತ್ತೆ ಅಂದ್ರಿ’ ಎಂದು ಒಬ್ಬರು ಹೇಳಿದರೂ ವಾಕ್ಯ ತಿದ್ದಬೇಕು. ತಿದ್ದಿದ ಹಾಳೆಯನ್ನು ಹೊಸ ಹತ್ತು ಮಂದಿಗೆ ಓದಿ ಮತ್ತೆ ಕೇಳಬೇಕು. ಇದಕ್ಕೆ ಯಂತ್ರ ಬೇಡ, ಬಜೆಟ್ ಬೇಡ. ಮಧ್ಯಾಹ್ನದ ಒಪಿಡಿ ಮುಗಿದ ಮೇಲೆ ಒಂದು ಬೆಂಚು, ಒಬ್ಬ ನರ್ಸ್ ಮತ್ತು ಒಂದು ಪೆನ್ಸಿಲ್ ಇದ್ದರಾಯಿತು. ಕರಡು ತಯಾರಿಸಲು ಇಲಾಖೆ ಕರೆದರೆ ನಾವು ಬರಲು ಸಿದ್ಧ.

ಇತಿ,
ಪ್ರಯೋಗಾಲಯ ಮತ್ತು ಆಪ್ತಸಮಾಲೋಚನಾ ಕೆಲಸದಲ್ಲಿರುವ ಕೆಲವರು,
ಶಿವಮೊಗ್ಗ